ದುರ್ಗದ ಏಳು ಸುತ್ತಿನ ಕೋಟೆಯನ್ನು ಕಾಲ್ನಡಿಗೆಯಲ್ಲಿ ನೋಡುವ ಕ್ರಮ

ಚಿತ್ರದುರ್ಗಕ್ಕೆ ಬರುವ ಹೆಚ್ಚಿನವರು ಹೆದ್ದಾರಿಯಿಂದ ನೇರವಾಗಿ ಬೆಟ್ಟದ ಬುಡಕ್ಕೆ ಬಂದು, ಟಿಕೆಟ್ ಪಡೆದು, ಒನಕೆ ಓಬವ್ವನ ಕಿಂಡಿಯನ್ನು ನೋಡಿ, ಎರಡು ಗಂಟೆಯೊಳಗೆ ಹಿಂತಿರುಗುತ್ತಾರೆ. ಹಾಗೆ ಮಾಡಿದರೆ ಕೋಟೆಯ ಒಂದು ಭಾಗ ಕಂಡೀತೇ ಹೊರತು, ಅದರೊಳಗೆ ಒಂದು ಊರು ಬದುಕಿತ್ತು ಎಂಬುದು ಮನಸ್ಸಿಗೆ ಬರುವುದಿಲ್ಲ. ಏಳು ಸುತ್ತಿನ ಕೆಳಗಿನ ಸುತ್ತುಗಳು ಇಂದಿನ ಪೇಟೆಯ ಮನೆಗಳ ನಡುವೆಯೇ ಹಾದುಹೋಗುತ್ತವೆ. ಆದ್ದರಿಂದ ನಡಿಗೆಯನ್ನು ಪೇಟೆಯಿಂದಲೇ ಆರಂಭಿಸಬೇಕು. ಇದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಹಿತಕರ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೇ ಬಂಡೆಗಳು ಕಾಯುತ್ತವೆ, ಮಳೆಗಾಲದಲ್ಲಿ ಅವೇ ಬಂಡೆಗಳು ಜಾರುತ್ತವೆ. ಹಿಡಿತವಿರುವ ಪಾದರಕ್ಷೆ, ತಲೆಗೆ ಟೋಪಿ ಅಥವಾ ಟವೆಲ್, ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ಕೋತಿಗಳಿರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆಯಬಾರದು.

ಪೇಟೆಯಲ್ಲಿರುವ ರಂಗಯ್ಯನ ಬಾಗಿಲಿನಿಂದ ಹೊರಟು ಬೆಟ್ಟದ ಕಡೆಗೆ ಸಾಗಿರಿ. ಹತ್ತುವಾಗ ಗಮನವೆಲ್ಲ ಬಾಗಿಲುಗಳ ಮೇಲಿರಲಿ. ಒಂದು ಬಾಗಿಲಿನಿಂದ ಮುಂದಿನದಕ್ಕೆ ನೇರ ದಾರಿ ಸಿಗುವುದಿಲ್ಲ. ಎರಡು ಎತ್ತರದ ಗೋಡೆಗಳ ನಡುವೆ ಹಾದಿ ಥಟ್ಟನೆ ತಿರುಗುತ್ತದೆ. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಿಸುವಷ್ಟು ಜಾಗವನ್ನು ಶತ್ರುವಿಗೆ ಬಿಡಬಾರದು ಎಂಬುದೇ ಈ ತಿರುವುಗಳ ಉದ್ದೇಶ. ಪ್ರತಿ ಬಾಗಿಲಿನಲ್ಲೂ ಒಂದು ಕ್ಷಣ ನಿಂತು, ಕದದ ತಿರುಗುಣಿ ಕೂರುತ್ತಿದ್ದ ಕುಳಿಯನ್ನೂ ಅಗುಳಿ ಸರಿಯುತ್ತಿದ್ದ ರಂಧ್ರವನ್ನೂ ಹುಡುಕಿ ನೋಡಿ. ಮರದ ಕದಗಳು ಹೋಗಿದ್ದರೂ ಅವು ಎಷ್ಟು ದಪ್ಪವಿದ್ದವೆಂಬುದನ್ನು ಆ ಕಲ್ಲುಗಳೇ ಹೇಳುತ್ತವೆ. ಇಲ್ಲಿನ ಕೆಲವು ಬಂಡೆಗಳಲ್ಲಿ ಸಾಲಾಗಿ ಕೊರೆದ ಚಿಕ್ಕ ಕುಳಿಗಳೂ ಕಾಣುತ್ತವೆ. ಅವು ಕಲ್ಲುಕುಟಿಗರು ಬೆಣೆ ಹೊಡೆದು ಬಂಡೆ ಸೀಳಿದ ಗುರುತುಗಳು. ಗೋಡೆಗೆ ಬೇಕಾದ ಕಲ್ಲು ಬೆಟ್ಟದಿಂದಲೇ ಹುಟ್ಟಿತು.

ಮೇಲುದುರ್ಗದಲ್ಲಿ ಮೊದಲು ಸಿಡಿಮದ್ದು ಅರೆಯುತ್ತಿದ್ದ ಬೀಸುವ ಕಲ್ಲುಗಳ ಗುಂಡಿಯನ್ನು ನೋಡಿರಿ. ನಾಲ್ಕು ಭಾರಿ ಕಲ್ಲುಗಳು ಒಂದೇ ಗುಂಡಿಯಲ್ಲಿವೆ. ಅಲ್ಲಿಂದ ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ ದೇವಸ್ಥಾನಗಳ ಕಡೆಗೆ ಹಾದಿಯಿದೆ. ದೀಪಸ್ತಂಭಗಳನ್ನೂ ಕಲ್ಲಿನ ಉಯ್ಯಾಲೆ ಕಂಬವನ್ನೂ ಎಲ್ಲರೂ ನೋಡುತ್ತಾರೆ. ಆದರೆ ಸಮೀಪದ ಅರಮನೆ, ಟಂಕಸಾಲೆ, ಕಚೇರಿಗಳ ಮಣ್ಣಿನ ಗೋಡೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನನ್ನ ಮಟ್ಟಿಗೆ ದುರ್ಗದ ಅತ್ಯಂತ ಅಮೂಲ್ಯ ಅವಶೇಷಗಳು ಇವೇ. ಕಲ್ಲಿನ ನಡುವೆ ಮಣ್ಣು ಇಷ್ಟು ಕಾಲ ನಿಂತಿರುವುದು ದೊಡ್ಡ ಸಂಗತಿ. ಆದ್ದರಿಂದ ದಯವಿಟ್ಟು ಅವುಗಳನ್ನು ಹತ್ತಬೇಡಿ, ಒರಗಬೇಡಿ, ಮಕ್ಕಳು ಹೆಸರು ಗೀಚದಂತೆ ನೋಡಿಕೊಳ್ಳಿ. 1568ರ ಸುಮಾರಿಗೆ ತಿಮ್ಮಣ್ಣ ನಾಯಕರಿಂದ ಮೊದಲಾಗಿ 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ನಾಯಕ ಮನೆತನದ ಆಳ್ವಿಕೆಯ ಊರು ಇದೇ ಆಗಿತ್ತು.

ಓಬವ್ವನ ಕಿಂಡಿಗೆ ಹೋಗಲು ಪ್ರತ್ಯೇಕ ಕಾಲುದಾರಿಯಿದೆ, ಫಲಕಗಳೂ ಇವೆ. ಅಲ್ಲಿಗೆ ಹೋದಾಗ ತಣ್ಣೀರು ದೋಣಿ ಎಂಬ ನೀರಿನ ತಾಣವನ್ನು ಮೊದಲು ನೋಡಿ, ಆಮೇಲೆ ಕಿಂಡಿಗೆ ಬನ್ನಿ. ಕಾವಲಿನಲ್ಲಿದ್ದ ಗಂಡ ಊಟಕ್ಕೆ ಕುಳಿತಾಗ ನೀರು ತರಲು ಹೊರಟ ಓಬವ್ವನಿಗೆ ಶತ್ರುಗಳ ಸದ್ದು ಕೇಳಿಸಿತೆಂಬ ಕಥೆ, ನೀರಿಗೂ ಕಿಂಡಿಗೂ ಇರುವ ಈ ಹತ್ತಿರವನ್ನು ಕಣ್ಣಾರೆ ಕಂಡಾಗ ಬೇರೆಯೇ ಆಗಿ ತೋರುತ್ತದೆ. ಒಬ್ಬೊಬ್ಬರೇ ಮೈ ಬಗ್ಗಿಸಿ ನುಸುಳಬೇಕಾದ ಆ ಸಂದಿಯಲ್ಲಿ ಒನಕೆಯೇ ಏಕೆ ಸಾಕಾಯಿತು ಎಂಬುದೂ ಅಲ್ಲಿ ನಿಂತಾಗ ತಿಳಿಯುತ್ತದೆ.

ಇಳಿಯುವಾಗ ನೀರಿನ ಜಾಡು ಹಿಡಿಯಿರಿ. ನದಿಯಿಲ್ಲದ ಈ ಬೆಟ್ಟದ ಮೇಲೆ ಊರೊಂದು ಬದುಕಿದ್ದು ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಕೂಡಿಟ್ಟುಕೊಂಡದ್ದರಿಂದ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಹರಿಯುವಂತೆ ಈ ವ್ಯವಸ್ಥೆ ಕಟ್ಟಲಾಗಿದೆ. ಮೊದಲೆರಡು ಹೊಂಡಗಳನ್ನು ಮೇಲೆಯೇ ನೋಡಿಕೊಂಡು, ಬಂದ ಬಾಗಿಲುಗಳಿಂದಲೇ ಇಳಿದು, ಉಳಿದೆರಡನ್ನು ಪೇಟೆಯಲ್ಲಿ ಕೇಳಿ ಹುಡುಕಿರಿ; ಹಿರಿಯರನ್ನು ಕೇಳಿದರೆ ದಾರಿಯ ಜೊತೆಗೆ ಹೊಂಡ ತುಂಬಿದ ವರ್ಷಗಳ ನೆನಪನ್ನೂ ಹೇಳಿಯಾರು. ಮೆಟ್ಟಿಲುಗಳು ಪಾಚಿಗಟ್ಟಿರುವ ಕಡೆ ನೀರಿಗೆ ಇಳಿಯಬೇಡಿ.

ಹಸಿವಾಗಿದ್ದರೆ ಮಂಡಕ್ಕಿ ಮಿರ್ಚಿಯನ್ನು ಕಟ್ಟಿಸಿಕೊಂಡು ಬಂದು, ಸಂತೆ ಹೊಂಡದ ಬಳಿ ನೆರಳು ನೋಡಿ ಕೂರಿ. ಬೆಳಿಗ್ಗೆ ನೀವು ಹತ್ತಿದ ಬಂಡೆಗಳ ಮೇಲೆ ಬಿದ್ದ ಮಳೆ ಕೊನೆಗೆ ಬಂದು ನಿಲ್ಲುವ ಜಾಗ ಇದೇ.