ರಾಜ್ಯದ ಸ್ವಚ್ಛತಾ ರ್‍ಯಾಂಕ್ ಒಂದು ಕಡೆ, ಕೊಡಗಿನ ರಸ್ತೆಬದಿ ಇನ್ನೊಂದು ಕಡೆ: ನಿಮ್ಮ ಊರಿನ ಕಸವನ್ನು ನೀವೇ ಅಳೆಯುವುದು ಹೇಗೆ

ಸ್ವಚ್ಛತೆಯ ರ್‍ಯಾಂಕ್ ಪಟ್ಟಿ ಬಂದಾಗೆಲ್ಲ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡೇ ಮಾತು. ಕರ್ನಾಟಕ ಯಾಕೆ ಇಷ್ಟು ಹಿಂದೆ ಅಂತ ಒಬ್ಬರು, ಇದೆಲ್ಲ ಸುಳ್ಳು ಸಂಪಾಜೆ ಘಾಟಿಗೆ ಹೋಗಿ ನೋಡಿ ಅಂತ ಇನ್ನೊಬ್ಬರು. ಎರಡು ದಿನ ಜಗಳ, ಆಮೇಲೆ ಮರೆತುಬಿಡ್ತೀವಿ. ಕಸ ಮಾತ್ರ ಅಲ್ಲೇ ಇರುತ್ತೆ. ಅದಕ್ಕೇ ಈ ಬರಹ. ಪಟ್ಟಿಯಲ್ಲಿ ಏನು ನೋಡಬೇಕು, ರಸ್ತೆಬದಿಯನ್ನು ಹೇಗೆ ಎಣಿಸಬೇಕು, ಆ ಲೆಕ್ಕವನ್ನು ಯಾರ ಮುಂದೆ ಇಡಬೇಕು ಅಂತ ಹೇಳ್ತೀನಿ.

ಮೊದಲು, ಅದು ಯಾವ ಪಟ್ಟಿ?

ಪೇಪರಲ್ಲಿ ದೊಡ್ಡದಾಗಿ ಬರುವ ಸ್ವಚ್ಛ ಸರ್ವೇಕ್ಷಣ್ ನಗರಗಳದ್ದು. 2016ರಲ್ಲಿ 73 ನಗರಗಳಿಂದ ಶುರುವಾಯಿತು, ಆ ಸಲ ಮೈಸೂರು ಮೊದಲು ಬಂತು, ಮರುವರ್ಷ ಇಂದೋರ್. ಅದರಲ್ಲಿ ರಾಜ್ಯಗಳಿಗೆ ಸ್ಥಾನ ಕೊಟ್ಟರೂ ಲೆಕ್ಕ ಮಾಡುವುದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳನ್ನೇ. ನಮ್ಮಲ್ಲಾದರೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಯಂಥ ಊರುಗಳು. ನಾಪೋಕ್ಲು ರಸ್ತೆಯ ಬಾಟಲಿಗೂ ಆ ಪಟ್ಟಿಗೂ ಸಂಬಂಧ ಇಲ್ಲ.

ಹಳ್ಳಿಗಳಿಗೆ ಬೇರೆ ಇದೆ: ಸ್ವಚ್ಛ ಸರ್ವೇಕ್ಷಣ್ ಗ್ರಾಮೀಣ್. 2018ರಲ್ಲಿ ಶುರು. ಮೊದಲ ಸಲ 100ರಲ್ಲಿ 35 ಅಂಕ ಸರ್ಕಾರಿ ದಾಖಲೆಯಲ್ಲಿರುವ ಪ್ರಗತಿಗೆ, 35 ಜನರ ಅಭಿಪ್ರಾಯಕ್ಕೆ, ಬಾಕಿ 30 ಸ್ಥಳಕ್ಕೆ ಬಂದು ಕಣ್ಣಾರೆ ನೋಡಿದ್ದಕ್ಕೆ. ಆ 30ಕ್ಕೆ ಅವರು ನೋಡಿದ ಜಾಗ ಯಾವುದು? ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಸಂತೆ, ಪೂಜಾಸ್ಥಳ. ಒಂದು ಜಿಲ್ಲೆಗೆ ಸುಮಾರು 10 ಹಳ್ಳಿ. ಎರಡು ಊರಿನ ನಡುವಿನ ರಸ್ತೆ ಇದರಲ್ಲಿ ಎಲ್ಲೂ ಬರುವುದಿಲ್ಲ ನೋಡಿ. ಘಾಟಿ ತಿರುವು, ವ್ಯೂ ಪಾಯಿಂಟ್, ತೋಟದ ಬೇಲಿ, ಮೋರಿ ಯಾವುದೂ ಇಲ್ಲ.

ಹಾಗಂತ ಸರ್ವೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಶೌಚಾಲಯ ಇದೆಯಾ, ಅಂಗನವಾಡಿ ಸುತ್ತ ನೀರು ನಿಂತಿದೆಯಾ ಅಂತ ನೋಡುವುದು ಬೇಕಾದ ಕೆಲಸವೇ. ರಸ್ತೆಬದಿ ಕಸದ ವಿಷಯಕ್ಕೆ ಅದನ್ನು ಸಾಕ್ಷಿ ಮಾಡಿಕೊಂಡರೆ ಮಾತ್ರ ತಪ್ಪು. ಕೊಡಗಿನಂಥ ಜಿಲ್ಲೆಗಂತೂ ಜಾಸ್ತಿ ತಪ್ಪು. ಬಯಲುಸೀಮೆ ಹಳ್ಳಿಯ ಹಾಗೆ ನಮ್ಮಲ್ಲಿ ಮನೆಗಳು ಒಂದೇ ಕಡೆ ಇಲ್ಲ. ತೋಟದೊಳಗೆ ಒಂದು ಮನೆ, ಗದ್ದೆ ದಾಟಿ ಇನ್ನೊಂದು, ಎಸ್ಟೇಟ್ ಗೇಟಿನಿಂದ ಎಷ್ಟೋ ಒಳಗೆ ಕಾರ್ಮಿಕರ ಸಾಲುಮನೆಗಳು, ಅಂದರೆ ಲೈನ್ ಮನೆಗಳು. ಕಸದ ಗಾಡಿ ಗೇಟಿನ ತನಕ ಬಂದರೆ ದೊಡ್ಡದು. ಅದು ಬರುವ ದಿನ ಲೈನಿನವರು ಕೆಲಸಕ್ಕೆ ಹೋಗಿದ್ದರೆ ಆ ಚೀಲ ಎಲ್ಲಿಗೆ ಹೋಗುತ್ತೆ? ರಸ್ತೆ ತಿರುವಿಗೆ.

ದುಡ್ಡಿನ ಲೆಕ್ಕವೂ ಹೀಗೇ. ಸ್ವಚ್ಛ ಭಾರತ್ ಗ್ರಾಮೀಣ್ 2ನೇ ಹಂತದಲ್ಲಿ ಘನತ್ಯಾಜ್ಯಕ್ಕೆ 5,000 ಜನಸಂಖ್ಯೆವರೆಗಿನ ಹಳ್ಳಿಗೆ ತಲಾ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡದಕ್ಕೆ ತಲಾ 45 ರೂಪಾಯಿವರೆಗೆ ಅಂತ ಇಟ್ಟರು. ತಲೆ ಅಂದರೆ ಅಲ್ಲಿ ವಾಸ ಇರುವವರ ತಲೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನ 5,54,519. ವರ್ಷಕ್ಕೆ ಬಂದು ಹೋಗುವ ಪ್ರವಾಸಿಗರು ಇದರ ಹಲವು ಪಟ್ಟು. ಅವರು ಬಿಟ್ಟುಹೋದ ಬಾಟಲಿ ಎತ್ತಬೇಕಾದ್ದು ಅಬ್ಬಿ ಜಲಪಾತ, ಚೇಲಾವರ, ಮಾಂದಲಪಟ್ಟಿ ದಾರಿಯ ಪಂಚಾಯ್ತಿಗಳು, ಆದರೆ ತಲೆಲೆಕ್ಕದ ದುಡ್ಡಿನಲ್ಲಿ ಆ ಪ್ರವಾಸಿಗರು ಸೇರಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅನ್ನಿಸುವುದು ಇದೇ.

ನಿಮ್ಮ ಊರಿನ ದರ್ಜೆ ನೋಡಿಕೊಳ್ಳಿ

ಸ್ವಚ್ಛ ಭಾರತ್ ಗ್ರಾಮೀಣ್ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸುತ್ತಾ ಹೋದರೆ ನಿಮ್ಮ ಹಳ್ಳಿ ಒಡಿಎಫ್ ಪ್ಲಸ್‌ನಲ್ಲಿ ಯಾವ ಮೆಟ್ಟಿಲಲ್ಲಿದೆ ಅಂತ ಸಿಗುತ್ತೆ. ಒಡಿಎಫ್ ಪ್ಲಸ್ ಅಂದರೆ ಬಯಲುಶೌಚ ನಿಲ್ಲಿಸಿದ ಮೇಲೆ ಕಸ, ಕೊಳಚೆ ನೀರಿಗೂ ವ್ಯವಸ್ಥೆ ಮಾಡಿಕೊಂಡ ಹಳ್ಳಿಗೆ ಕೊಡುವ ದರ್ಜೆ. ಆಸ್ಪೈರಿಂಗ್ ಅಂದರೆ ಘನ ಅಥವಾ ದ್ರವ ತ್ಯಾಜ್ಯಕ್ಕೆ ಯಾವುದಾದರೂ ಒಂದು ವ್ಯವಸ್ಥೆ. ರೈಸಿಂಗ್ ಅಂದರೆ ಎರಡೂ. ಮಾಡೆಲ್ ಅಂದರೆ ಎರಡೂ ಇದ್ದು, ಊರು ಕಣ್ಣಿಗೆ ಸ್ವಚ್ಛವಾಗಿ ಕಾಣಬೇಕು, ಅರಿವಿನ ಗೋಡೆಬರಹ ಇರಬೇಕು. ಮಾಡೆಲ್ ಅಂತ ಮೊದಲು ಘೋಷಿಸಿಕೊಳ್ಳುವುದು ಗ್ರಾಮಸಭೆಯೇ, ಪರಿಶೀಲನೆ ಆಮೇಲೆ. ನಿಮ್ಮ ಹಳ್ಳಿ ಮಾಡೆಲ್ ಆಗಿದ್ದರೆ ಆ ಗ್ರಾಮಸಭೆಯ ನಡಾವಳಿ ಪಂಚಾಯ್ತಿ ಕಚೇರಿಯಲ್ಲಿ ಇರುತ್ತೆ. ಕೇಳಿ ನೋಡಿ.

ಈಗ ಎಣಿಕೆ

ಎಲ್ಲರೂ ಮಾಡುವುದು ಒಂದೇ: ಅತೀ ಕೊಳಕು ಜಾಗ ಹುಡುಕಿ ಫೋಟೋ ತೆಗೆಯುವುದು. ಅದರಿಂದ ಲೆಕ್ಕ ಆಗಲ್ಲ, ಯಾಕಂದರೆ ಎದುರಿಗೆ ಕೂತ ಅಧಿಕಾರಿ ಅತೀ ಚೊಕ್ಕ ಜಾಗದ ಫೋಟೋ ತೋರಿಸಿಬಿಡ್ತಾರೆ. ಹಾಗಾಗಿ ಜಾಗವನ್ನು ನೀವು ಆರಿಸಬೇಡಿ, ಕಿಲೋಮೀಟರ್ ಕಲ್ಲು ಆರಿಸಲಿ. ಪ್ರತಿ ಕಲ್ಲಿನಿಂದ ಮುಂದಕ್ಕೆ 100 ಮೀಟರ್, ರಸ್ತೆಯ ಎರಡೂ ಬದಿ, ಡಾಂಬರು ಮುಗಿದಲ್ಲಿಂದ ಸುಮಾರು ಎರಡು ಮೀಟರ್ ಒಳಗೆ ಕಂಡದ್ದು ಮಾತ್ರ. ಐದಾರು ಕಲ್ಲು ಸಾಕು. ಚೊಕ್ಕ ಇದ್ದರೆ ಸೊನ್ನೆ ಅಂತಲೇ ಬರೆಯಿರಿ. ಆ ಸೊನ್ನೆ ಇದ್ದರೇನೇ ನಿಮ್ಮ ಲೆಕ್ಕವನ್ನು ನಂಬುತ್ತಾರೆ.

ಕಲ್ಲಿನಿಂದ ಇನ್ನೊಂದು ಉಪಯೋಗ ಇದೆ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಕುಶಾಲನಗರ, ಮಡಿಕೇರಿ, ಸಂಪಾಜೆ ಮೇಲೆ ಹೋಗುವ 275 ಅದೇ. ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣ ಆದರೆ ಹಳ್ಳಿ ರಸ್ತೆ. ಯಾರ ರಸ್ತೆಯ ಬದಿಯಲ್ಲಿ ಎಷ್ಟು ಕಸ ಅಂತ ಬೇರೆ ಬೇರೆ ಬರೆದಿಡಿ. ಎಲ್ಲ ಬೈಗುಳ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತಲೆಗೆ ಹಾಕುವ ಅಭ್ಯಾಸ ನಮಗಿದೆ. ಹೆದ್ದಾರಿ ಬದಿಯಾದರೆ ಹೆದ್ದಾರಿಯವರು, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ಕಾಡಿನೊಳಗಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಎಣಿಸುವಾಗ ಒಟ್ಟು ಸಂಖ್ಯೆಗಿಂತ ಏನೇನು ಬಿದ್ದಿದೆ ಅನ್ನುವುದು ಮುಖ್ಯ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಒಂದೊಂದಾಗಿ ಚದುರಿ ಬಿದ್ದಿದ್ದರೆ ಅದು ಓಡುವ ವಾಹನದಿಂದ ಎಸೆದದ್ದು. ಊಟದ ಡಬ್ಬಿ, ಬಿರಿಯಾನಿ ಬಾಕ್ಸು, ಪೇಪರ್ ತಟ್ಟೆ, ನಾಲ್ಕೈದು ಲೋಟ ಒಂದೇ ಕಡೆ ಇದ್ದರೆ ಕಾರು ನಿಲ್ಲಿಸಿ ಕೂತು ತಿಂದಿದ್ದಾರೆ, ಅಲ್ಲಿ ಗಾಡಿ ನಿಲ್ಲಿಸಲು ಅಗಲ ಜಾಗ ಇದ್ದೇ ಇರುತ್ತೆ. ಮದ್ಯದ ಸಣ್ಣ ಟೆಟ್ರಾ ಪ್ಯಾಕೆಟ್ಟು, ಗುಟ್ಕಾ ಚೀಟಿ ಬಸ್ ತಂಗುದಾಣದ ಹಿಂದೆ ಗುಡ್ಡೆ ಬಿದ್ದಿದ್ದರೆ ಅದು ಪ್ರವಾಸಿಗರದ್ದಲ್ಲ, ನಮ್ಮವರದ್ದೇ. ಬಾಯಿ ಕಟ್ಟಿದ ಗೋಣಿಚೀಲ ಇಳಿಜಾರಿಗೆ ಉರುಳಿಸಿದ್ದು ಅಂದರೆ ಮನೆ, ಹೋಂಸ್ಟೇ ಅಥವಾ ಕೋಳಿ ಅಂಗಡಿ, ಬಹುಶಃ ರಾತ್ರಿ ಹೊತ್ತು. ಹೀಗೆ ನಾಲ್ಕು ಗುಂಪು ಮಾಡಿ ಬರೆದರೆ ಸಾಕು, ಒಂದೊಂದಕ್ಕೂ ಮದ್ದು ಬೇರೆ. ಚೀಲಕ್ಕೆ ಮದ್ದು ಕಸದ ಗಾಡಿ ಮತ್ತು ಹೋಂಸ್ಟೇ ನೋಂದಣಿ. ಕೂತು ತಿಂದದ್ದಕ್ಕೆ ಆ ಅಗಲ ಜಾಗದಲ್ಲಿ ತೊಟ್ಟಿ ಇಟ್ಟು ವಾರಾಂತ್ಯ ಮುಗಿದ ಕೂಡಲೇ ಖಾಲಿ ಮಾಡುವುದು, ಇಲ್ಲಾಂದ್ರೆ ಮಂಗ, ನಾಯಿ ಎಳೆದಾಡಿ ಮೊದಲಿಗಿಂತ ಜಾಸ್ತಿ ಹರಡುತ್ತವೆ.

ಪ್ಲಾಸ್ಟಿಕ್ ನಿಷೇಧ ಮಾಡಿ ಅಂತ ಸುಮ್ನೆ ಕೂಗುವ ಮುಂಚೆ ನಿಮ್ಮ ಪಟ್ಟಿಯನ್ನೇ ನೋಡಿ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದದ್ದು ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ ಇಂಥವು. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಅದರಲ್ಲಿಲ್ಲ. ನಮ್ಮ ರಸ್ತೆಬದಿಯಲ್ಲಿ ಜಾಸ್ತಿ ಕಾಣುವುದು ಅವೇ ಅಲ್ವಾ? ಅವುಗಳ ಮೇಲೆ ಯಾವ ಕಂಪನಿ ಹೆಸರಿದೆ ಅಂತಲೂ ಬರೆದುಕೊಳ್ಳಿ. ತಾವು ಮಾರಿದ ಪ್ಲಾಸ್ಟಿಕ್ ಪ್ಯಾಕಿಂಗಿಗೆ ಕಂಪನಿಯೂ ಹೊಣೆ ಅಂತ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ.

ಯಾವಾಗ ಎಣಿಸಬೇಕು ಅನ್ನುವುದರಲ್ಲೂ ನ್ಯಾಯ ಇದೆ. ಮಳೆಗಾಲದಲ್ಲಿ ರಸ್ತೆಬದಿಯ ಕಾಡುಗಿಡ ಆಳೆತ್ತರ ಬೆಳೆದು ಕಸ ಮುಚ್ಚಿಕೊಳ್ಳುತ್ತೆ, ಉಳಿದದ್ದು ಚರಂಡಿ, ತೋಡು ಹಿಡಿದು ಕಾವೇರಿಗೆ ಹೋಗುತ್ತೆ. ಆಗಸ್ಟಿನಲ್ಲಿ ಬಂದು ನೋಡಿದವರಿಗೆ ಕೊಡಗು ಹಚ್ಚಹಸಿರು. ಹೊಸವರ್ಷದ ರಜೆ ಮುಗಿದ ಮೇಲೆ ಒಂದು ಸಲ, ಮೇ ಕೊನೆಗೆ ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆ ಬಿಟ್ಟು ರಸ್ತೆಬದಿ ಕಾಡು ಕಡಿದ ಮೇಲೆ ಇನ್ನೊಂದು ಸಲ ಎಣಿಸಿ. ಅವೇ ಕಲ್ಲು, ಅದೇ 100 ಮೀಟರ್. ಜಾಗ ಬದಲಾಯಿಸಿದರೆ ಹೋಲಿಕೆ ಆಗಲ್ಲ.

ಜಾಗ್ರತೆ: ಕೈಗೆ ಗ್ಲೌಸ್, ಕಾಲಿಗೆ ಗಟ್ಟಿ ಬೂಟು. ಬಿಯರ್ ಬಾಟಲಿ ಒಡೆದು ಬಿದ್ದಿರುತ್ತೆ, ಎಲೆ ಕೆಳಗೆ ಹಾವೂ ಇರಬಹುದು. ಕಟ್ಟಿದ ಚೀಲ ಬಿಚ್ಚಬೇಡಿ. ತಿತಿಮತಿ, ಆನೆಚೌಕೂರು ಕಡೆಯ ಕಾಡಿನ ರಸ್ತೆಯಲ್ಲಿ ಇಳಿಯಲೇಬೇಡಿ. ಅಲ್ಲಿನ ಲೆಕ್ಕ ಬೇಕಾದರೆ ಅರಣ್ಯದವರನ್ನೇ ಜೊತೆಗೆ ಕರೆಯಿರಿ. ಮಕ್ಕಳನ್ನು ಹೆದ್ದಾರಿ ಬದಿಗೆ ಕರೆದುಕೊಂಡು ಹೋಗಬೇಡಿ, ಘಾಟಿಯ ತಿರುವಿನಲ್ಲಿ ಬರುವ ವಾಹನ ಕೊನೆವರೆಗೂ ಕಾಣುವುದಿಲ್ಲ.

ಲೆಕ್ಕ ಯಾರ ಮುಂದೆ?

ಪಂಚಾಯ್ತಿಗೆ ಹೋಗುವ ಮುಂಚೆ ಸ್ವಚ್ಛ ವಾಹಿನಿ (ಪಂಚಾಯ್ತಿಯ ಕಸದ ಗಾಡಿ) ಓಡಿಸುವ ಅಕ್ಕಂದಿರನ್ನು ಮಾತಾಡಿಸಿ. ಗಾಡಿ ಯಾವ ರಸ್ತೆಗೆ ಹೋಗುತ್ತೆ, ಎಲ್ಲಿಂದ ವಾಪಸ್ ತಿರುಗುತ್ತೆ, ಡೀಸೆಲ್ ಯಾವಾಗ ಮುಗಿಯುತ್ತೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಗಾಡಿ ತಿರುಗುವ ಜಾಗವನ್ನೂ ನಿಮ್ಮ ಹಾಳೆಯಲ್ಲಿ ಗುರುತು ಮಾಡಿ. ಅದರಾಚೆಯ ಕಲ್ಲುಗಳಲ್ಲಿ ಚೀಲ ಜಾಸ್ತಿ ಇದ್ದರೆ ವಾದವೇ ಬೇಡ, ಕಾರಣ ಹಾಳೆಯಲ್ಲೇ ಕಾಣುತ್ತೆ.

ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ಆಗಲೇಬೇಕು. ಅಲ್ಲಿ ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೋಯಿತು. ಒಂದೇ ಪುಟದಲ್ಲಿ ಬರೆದು ಕೊಡಿ, ನಡಾವಳಿಯಲ್ಲಿ ಸೇರಿಸಿ ಅಂತ ಪಟ್ಟು ಹಿಡಿಯಿರಿ. ಕೇಳುವುದು ಎರಡೇ ಇರಲಿ: ಗಾಡಿಯ ದಾರಿ ಎಲ್ಲಿತನಕ ಉದ್ದ ಮಾಡ್ತೀರಿ, ಮತ್ತು ಪ್ರವಾಸಿಗರ ಕಸಕ್ಕೆ ಬೇರೆ ಅನುದಾನ ಬೇಕು ಅಂತ ಜಿಲ್ಲಾ ಪಂಚಾಯ್ತಿಗೆ ಠರಾವು ಕಳಿಸ್ತೀರಾ. ಪಂಚಾಯ್ತಿಯವರನ್ನು ಎದುರಾಳಿ ಮಾಡಿಕೊಳ್ಳಬೇಡಿ, ಈ ಲೆಕ್ಕ ಅವರ ಕೈಗೂ ಬಲ. ಮುಂದಿನ ಸರ್ವೇಕ್ಷಣೆಯಲ್ಲಿ ಜನರ ಅಭಿಪ್ರಾಯ ಕೇಳಿದಾಗ ರಸ್ತೆಬದಿಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ. ನಮ್ಮ ಊರಿನ ಮರ್ಯಾದೆ ಅಂತ ಒಳ್ಳೆಯದನ್ನೇ ಹೇಳಿದರೆ ಕಸ ಇನ್ನೊಂದು ವರ್ಷ ಲೆಕ್ಕಕ್ಕೆ ಸಿಗದೆ ಹೋಗುತ್ತೆ.

ಪುಟದ ಇನ್ನೊಂದು ಪ್ರತಿಯನ್ನು ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಕಸದ ಗಾಡಿಯ ಲಾಗ್ ಪುಸ್ತಕ, ಒಣಕಸ ಮಾರಿದ ರಸೀದಿ, ಮಾಡೆಲ್ ಹಳ್ಳಿ ಅಂತ ಘೋಷಿಸುವಾಗ ಕಳಿಸಿದ ಫೋಟೋಗಳು, ಈ ಮೂರರ ಪ್ರತಿ ಕೇಳಿದರೆ ಸಾಕು.