ಮೇವಿನ ಡಬ್ಬಿಯಿಂದ ಬಿಚ್ಚಿದ ಟೈಮರ್

ದೊಡ್ಡಬಳ್ಳಾಪುರದ ಸಮೀಪ ನಮ್ಮ ತೋಟದಲ್ಲಿ 2,000 ಲೀಟರಿನ ಮೀನಿನ ತೊಟ್ಟಿಗೆ ಜಲ್ಲಿ ತುಂಬಿದ 4 ಚದರ ಮೀಟರಿನಷ್ಟು ಮಡಿಗಳನ್ನು ಜೋಡಿಸಿ ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಸೊಪ್ಪು ಬೆಳೆಯುವ ಪದ್ಧತಿ) ಆರಂಭಿಸಿದಾಗ, ಕೈಯಿಂದ ಮಾಡುವ ಕೆಲಸವೇ ಉಳಿಯಬಾರದೆಂಬ ಹಟ ನನಗಿತ್ತು. ಮೀನು ಹೊರಹಾಕುವ ಅಮೋನಿಯಾವನ್ನು ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಸೊಪ್ಪು ಮುಖ್ಯವಾಗಿ ಹೀರಿಕೊಳ್ಳುವುದು ಈ ನೈಟ್ರೇಟನ್ನು. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಜಿಲೇಬಿ (ತಿಲಾಪಿಯಾ) ಮೀನಿನ 60 ಮರಿಗಳನ್ನು ಬಿಟ್ಟೆ. (ಇದನ್ನು ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು.)

ಸೊಪ್ಪಿನ ಮಡಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎಂಬುದು ರೂಢಿಯ ಲೆಕ್ಕ. ಅದರಂತೆ ಮೀನು ಬೆಳೆದ ಮೇಲೆ, ಟೈಮರ್ ಕಟ್ಟಿದ ಡಬ್ಬಿಯೊಂದು ದಿನಕ್ಕೆ ಮೂರು ಸಲ ತಲಾ 60 ಗ್ರಾಂ ಮೇವು ಉದುರಿಸುತ್ತಿತ್ತು. ನೀರು ಇಳಿದರೆ ತಾನೇ ತುಂಬಲೆಂದು ಬೋರ್‌ವೆಲ್ ಲೈನಿಗೆ ಫ್ಲೋಟ್ ವಾಲ್ವನ್ನೂ ಹಾಕಿದ್ದೆ. ಪೈಪಿನ ಜಾಯಿಂಟೊಂದು ಸೋರುತ್ತಿದ್ದುದು ಈ ವಾಲ್ವಿನಿಂದಾಗಿ ಮೂರು ವಾರ ನನಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಬೋರ್‌ವೆಲ್ಲಿನ ಗಡಸು ನೀರು ಸೇರುತ್ತ ಸೇರುತ್ತ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8ಕ್ಕೆ ಏರಿ, ಕಬ್ಬಿಣದ ಅಂಶ ಸಿಗದೆ ಪುದೀನದ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗಟ್ಟಿದವು.

ಅದೇ ವಾರ ಡಿಸೆಂಬರಿನ ಚಳಿಗೆ ನೀರು 19 ಡಿಗ್ರಿಗೆ ಇಳಿಯಿತು. ಮೀನುಗಳು ಮೇವು ಮುಟ್ಟಲಿಲ್ಲ, ಡಬ್ಬಿ ಉದುರಿಸುವುದನ್ನು ನಿಲ್ಲಿಸಲಿಲ್ಲ. ತಳದಲ್ಲಿ ಮೇವು ಕೊಳೆತು, ಹಳದಿಯಾಗಿಯೇ ಉಳಿಯಬೇಕಿದ್ದ ಅಮೋನಿಯಾ ಪರೀಕ್ಷೆಯ ನಳಿಕೆ ಕಡುಹಸಿರಾಯಿತು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. 11 ಮೀನು ಸತ್ತವು.

ಯಂತ್ರಕ್ಕೆ ನಾನು ಪೂರ್ತಿ ಬಿಟ್ಟುಕೊಟ್ಟಿರುವುದು ಈಗ ನೀರಿಗೆ ಗಾಳಿ ಊದುವುದನ್ನು ಮತ್ತು ಮಡಿಗಳಿಗೆ ನೀರು ಹಾಯಿಸುವುದನ್ನು ಮಾತ್ರ. ರಾತ್ರಿ ಕರೆಂಟ್ ಹೋಗಿ ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ಆದ್ದರಿಂದ 12 ವೋಲ್ಟಿನ ಬ್ಯಾಟರಿ, ಅದಕ್ಕೊಂದು ಏರ್ ಪಂಪು ಮತ್ತು ಕರೆಂಟ್ ಇರುವವರೆಗೆ ಆ ಪಂಪನ್ನು ತಡೆದು ನಿಲ್ಲಿಸುವ ಒಂದು ರಿಲೇ (ಕರೆಂಟಿನಿಂದ ತಾನೇ ಕೆಲಸ ಮಾಡುವ ಸ್ವಿಚ್ಚು) ಇಟ್ಟಿದ್ದೇನೆ. ಪ್ರೋಗ್ರಾಮಿನ ಗೊಡವೆ ಇಲ್ಲದ್ದರಿಂದ ಕೆಡುವುದೂ ಕಡಿಮೆ. ಕರೆಂಟ್ ಹೋದೊಡನೆ ನನ್ನ ಮೊಬೈಲಿಗೆ ಮಿಸ್ಡ್ ಕಾಲ್ ಬರುತ್ತದೆ.

ಫ್ಲೋಟ್ ವಾಲ್ವ್ ತೆಗೆದು, ಇಳಿದ ನೀರನ್ನು ಅಳೆದು ತುಂಬುತ್ತೇನೆ. ಮೇವು ಹಾಕುವವರು ನಮ್ಮ ಅಮ್ಮ: ಒಂದು ಹಿಡಿ ಚೆಲ್ಲಿ ಐದು ನಿಮಿಷ ನಿಂತು ನೋಡಿ, ಮೀನು ಮುಗಿಬೀಳದಿದ್ದರೆ ಉಳಿದದ್ದನ್ನು ಡಬ್ಬಿಗೆ ವಾಪಸು ಸುರಿಯುತ್ತಾರೆ. ಹಳೆಯ ಟೈಮರ್ ನೀರಿನ ಪಂಪಿಗೆ ಹೋಗಿದೆ. ಗಂಟೆಗೆ 15 ನಿಮಿಷ ಮಡಿಗಳಿಗೆ ನೀರು ಹಾಯಿಸುತ್ತದೆ.