ಮನೆಯ ಬಗ್ಗೆ ಬರೆಯಬೇಕೇ? ಮೊದಲು ಪಹಣಿ ತೆಗೆಸಿ

ನನ್ನ ವಯಸ್ಸಿನವರು ಮನೆ, ಊರು, ಅಧಿಕಾರ ಅಂತ ಬರೆಯಲು ಕೂತರೆ ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ. ಅಪ್ಪ ದಬ್ಬಾಳಿಕೆಯವನು, ಅಮ್ಮ ಮೂಕಿ, ಊರು ಕೆಟ್ಟದ್ದು. ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ನಾನು ಹಿಡಿದ ದಾರಿ ಬೇರೆ. ಒಂದೇ ಒಂದು ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗುತ್ತಾ ಬಂದೆ. ಜಮೀನಿಲ್ಲದ ಮನೆಯವರು ರೇಷನ್ ಕಾರ್ಡಿನಿಂದ ಶುರು ಮಾಡಬಹುದು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂದರೆ ಹದಿನೆಂಟು ದಾಟಿದ ಹಿರಿಯ ಹೆಂಗಸು. ಆ ಕಾರ್ಡ್ ಯಾರ ಜೇಬಿನಲ್ಲಿರುತ್ತದೆ ಅಂತ ನೋಡಿ. ಅಲ್ಲಿಂದಲೇ ಬರಹ ಹೊರಡುತ್ತದೆ.

ಪಹಣಿ ಅಂದರೆ ಜಮೀನು ಯಾರದು, ಅಲ್ಲಿ ಯಾರು ಏನು ಬೆಳೆಯುತ್ತಾರೆ ಅನ್ನುವ ಸರ್ಕಾರಿ ದಾಖಲೆ. ಅದು ನಾಡಕಚೇರಿಯಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ತೆಗೆದುಕೊಂಡು ಒಂಬತ್ತನೇ ಕಾಲಂ ನೋಡಿ, ಅಲ್ಲಿರುವುದು ಮಾಲೀಕರ ಹೆಸರು. ಹನ್ನೊಂದರಲ್ಲಿ ಸಾಲ, ಅಡಮಾನ. ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. ನಮ್ಮದರಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರ ಹೆಸರೂ ಜಂಟಿಯಾಗಿದೆ. ಸಾಗುವಳಿ 'ಸ್ವಂತ', ಬೆಳೆ ರಾಗಿ. ಇಬ್ಬರು ಅತ್ತೆಯಂದಿರ ಹೆಸರು ಎಲ್ಲೂ ಇಲ್ಲ. ಅಜ್ಜನ ಕಾಲದಿಂದ ಆ ಹೊಲದಲ್ಲಿ ಮೈ ಬಗ್ಗಿಸಿದ, ನಾವೆಲ್ಲ 'ಮಾವ' ಅಂತ ಕರೆಯುತ್ತಿದ್ದರೂ ನಮ್ಮ ನಡುಮನೆ ದಾಟದ ಒಬ್ಬರ ಹೆಸರೂ ಇಲ್ಲ. ಯಾರ ಹೆಸರು ಇರಬೇಕಿತ್ತು, ಇಲ್ಲ ಅನ್ನುವ ಪಟ್ಟಿಯನ್ನು ಪಹಣಿಯ ಹಿಂಬದಿಯಲ್ಲೇ ಬರೆದುಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಪಟ್ಟಿಯದೇ.

ಆಮೇಲೆ ಜಮೀನು ಮನೆಗೆ ಬಂದದ್ದು ಹೇಗೆ ಅಂತ ಹುಡುಕಿ. ನಮ್ಮ ಕಡೆ ಬಹಳ ಮನೆಗಳ ಕಥೆ 1974ರ ಮಾರ್ಚ್ 1ಕ್ಕೆ ಹೋಗಿ ನಿಲ್ಲುತ್ತದೆ. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಒಡೆಯರ ಜಮೀನನ್ನು ಗೇಣಿಗೆ ಉಳುತ್ತಿದ್ದವರು, ಜಮೀನು ತಮಗೆ ಕೊಡಿ ಅನ್ನುವ ಅರ್ಜಿ ಫಾರಂ ನಂಬರ್ ಏಳು ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ನನ್ನಜ್ಜನೂ ನಿಂತಿದ್ದ. ಒಡೆಯರ ಮನೆಯ ಜಗಲಿ ಹತ್ತದವನು ಅದೇ ಒಡೆಯರ ಎದುರು 'ನಾನೇ ಉಳುವವನು' ಅಂದಿದ್ದ ಕಥೆಯನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳುತ್ತಾರೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಹೆಮ್ಮೆಯ ಕಥೆ ಇರುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ, ಆದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಆದೇಶದ ನಕಲನ್ನೂ ತೆಗೆಸಿ. ಸತಾಯಿಸಿದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅಜ್ಜನಿಗೆ ಜಮೀನು ಬಂತು. ಅಜ್ಜನ ಜೊತೆ ಉತ್ತ 'ಮಾವ'ನಿಗೆ ಬರಲಿಲ್ಲ, ಯಾಕೆಂದರೆ ಅವರು ಗೇಣಿದಾರರಲ್ಲ, ಕೂಲಿ. ಕಾನೂನು ಗೇಣಿದಾರನನ್ನು ಕಂಡಿತ್ತು, ಕೂಲಿಯವನನ್ನು ಕಾಣಲಿಲ್ಲ. ಹಬ್ಬದ ಕಥೆಯಲ್ಲಿ ಈ ಭಾಗ ಇಲ್ಲ.

ಕಷ್ಟದ ಕೆಲಸ ಅತ್ತೆಯರ ಹತ್ತಿರ ಮಾತಾಡುವುದು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಲ್ಲೇ ಬಂದಿತ್ತು. ಅಲ್ಲಿಯವರೆಗೆ ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಯಾರೂ ಕೇಳುತ್ತಿರಲಿಲ್ಲ. ಕಾನೂನು ಬಂದ ಮೇಲೆ ಕೇಳಲೇಬೇಕಾಯಿತು, ಅಂದರೆ ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕಾಯಿತು. ನಮ್ಮ ಮನೆಯ ಪತ್ರ ಓದಿದೆ. 'ಯಾರ ಒತ್ತಾಯ, ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ' ಅಂತಿದೆ. ಇಂಥ ಪತ್ರಗಳಲ್ಲೆಲ್ಲ ಹೆಚ್ಚುಕಡಿಮೆ ಹಾಗೇ ಇರುತ್ತದೆ.

'ಯಾಕೆ ಸಹಿ ಹಾಕಿದಿರಿ?' ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಪತ್ರದಲ್ಲಿರುವ ಉತ್ತರವೇ ಬರುತ್ತದೆ: 'ನಮ್ಮಣ್ಣಂದಿರಿಗೆ ತಾನೇ.' ಅವತ್ತು ಯಾವ ಬಸ್ಸಿಗೆ ಹೋದಿರಿ, ಯಾರು ಕರೆಯಲು ಬಂದಿದ್ದರು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಷ್ಟು ಹೊತ್ತು ಕಾದಿರಿ, ಎಲ್ಲಿ ಊಟ ಮಾಡಿದಿರಿ ಅಂತ ಕೇಳಿ. ದೊಡ್ಡತ್ತೆ ಮೊದಲು ಹೇಳಿದ್ದು ಮಸಾಲೆ ದೋಸೆಯ ವಿಷಯ. ಹೆಬ್ಬೆಟ್ಟು, ಫೋಟೊ ಎಲ್ಲ ಮುಗಿದ ಮೇಲೆ ಅಪ್ಪ ಹೋಟೆಲಿಗೆ ಕರೆದುಕೊಂಡು ಹೋದನಂತೆ, ತಾನೇ ಎದ್ದು ಹೋಗಿ ಎರಡನೇ ಸಲ ಚಟ್ನಿ ಹಾಕಿಸಿಕೊಂಡು ಬಂದನಂತೆ. 'ಯಾವತ್ತೂ ಹಂಗೆ ಮಾಡಿದವನಲ್ಲ.' ಹೊಲದ ಮಾತು ಬಂದದ್ದು ಬಹಳ ಹೊತ್ತಿನ ಮೇಲೆ. 'ಕೇಳಿದ್ರೆ ಕೊಡ್ತಿದ್ರೇನೋ. ಗೌರಿ ಹಬ್ಬಕ್ಕೆ ಬಾಗಿನ ತರೋರು ಯಾರು?' ಇಷ್ಟು ಸಿಕ್ಕ ಮೇಲೆ ಅದರ ಪಕ್ಕ ನಿಮ್ಮ ವಿವರಣೆ ಬೇಡ. ಎರಡನೇ ಸಲದ ಚಟ್ನಿಯಲ್ಲಿ ಅಪ್ಪನೂ ಇದ್ದಾನೆ, ಅವನ ಅಳುಕೂ ಇದೆ. ಅಪ್ಪನನ್ನು ಖಳನನ್ನಾಗಿ ಮಾಡಿದ್ದರೆ ಆ ಚಟ್ನಿ ಬರಹದೊಳಗೆ ಬರುತ್ತಲೇ ಇರಲಿಲ್ಲ.

ರೆಕಾರ್ಡ್ ಮಾಡುವುದಾದರೆ ಫೋನನ್ನು ಕಾಣುವಂತೆ ಇಟ್ಟು, ಒಪ್ಪಿಗೆ ಪಡೆದೇ ಮಾಡಿ. ನಾನಂತೂ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, ರಾತ್ರಿ ಬರೆದಿಟ್ಟುಕೊಳ್ಳುತ್ತಿದ್ದೆ.

ಇನ್ನು 'ನಾನು' ಎಲ್ಲಿ ನಿಲ್ಲಬೇಕು ಅನ್ನುವುದು. ಆ ಪತ್ರದಿಂದ ಲಾಭವಾದವರಲ್ಲಿ ನಾನೂ ಒಬ್ಬ. ನನ್ನ ಡಿಗ್ರಿಯ ಫೀಸು ಆ ಹೊಲದ ಮೇಲೆ ತೆಗೆದ ಬೆಳೆಸಾಲದಿಂದ ಹೋಗಿದೆ, ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ಇದನ್ನು ಬರೆಯದೆ ಅತ್ತೆಯರ ಬಗ್ಗೆ ಬರೆದರೆ ಓದುಗರು ನನ್ನನ್ನು ನಂಬಬೇಕಿಲ್ಲ. ಆದರೆ ಇದಕ್ಕೆ ಎರಡು ವಾಕ್ಯ ಸಾಕು. ಪಶ್ಚಾತ್ತಾಪವನ್ನು ಪುಟಗಟ್ಟಲೆ ಎಳೆದರೆ ಅತ್ತೆಯರ ಕಥೆ ಮತ್ತೆ ಮನೆಮಗನ ಕಥೆಯಾಗಿಬಿಡುತ್ತದೆ.

ಮನೆಯಿಂದ ಊರಿಗೆ ಹೋಗಲು ಗ್ರಾಮಸಭೆ ಸುಲಭದ ಬಾಗಿಲು. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಹೋಗಿ ಹಿಂದೆ ಕೂತು ನೋಡಿ: ಮೈಕು ಯಾರ ಕೈಯಲ್ಲಿದೆ, ಅಧ್ಯಕ್ಷೆಯ ಗಂಡ ಎಲ್ಲಿ ಕೂತಿದ್ದಾನೆ, ನಡಾವಳಿ ಪುಸ್ತಕ ಮೊದಲು ಯಾರ ಮುಂದೆ ಹೋಗುತ್ತದೆ. ಸಹಿ ಎಂಬುದು ಅಲ್ಲಿಯೂ ಸ್ವಇಚ್ಛೆಯದೇ.

ಬರೆದದ್ದನ್ನು ಹೊರಗೆ ಕೊಡುವ ಮೊದಲು ಅದರಲ್ಲಿರುವವರಿಗೆ ಓದಿ ಹೇಳಿ. ದೊಡ್ಡತ್ತೆ ದೋಸೆಗೆ ಒಪ್ಪಿದಳು, ತನ್ನ ಗಂಡನ ಬಗ್ಗೆ ಇದ್ದ ಒಂದು ಸಾಲನ್ನು ತೆಗೆಸಿದಳು. ಒಳ್ಳೆಯ ಸಾಲು ಅದು, ತೆಗೆದೆ. 'ಮಾವ'ನ ಮಗ ಪೂರ್ತಿ ಕೇಳಿ, 'ಅಪ್ಪನ್ನ ನಿಮ್ಮ ಮನೆ ಆಳು ಅಂತ ಹಾಕಬೇಡ, ಹೆಸರು ಹಾಕು' ಅಂದ. ಉಳಿದವರ ಹೆಸರನ್ನೆಲ್ಲ ಬದಲಿಸಿದ ಬರಹದಲ್ಲಿ ಅವರೊಬ್ಬರದು ಮಾತ್ರ ನಿಜದ ಹೆಸರು. ಇಲ್ಲಿ ಬರೆಯುತ್ತಿಲ್ಲ, ಆ ಒಪ್ಪಿಗೆ ಆ ಬರಹಕ್ಕಷ್ಟೇ. ಊರನ್ನು, ಸರ್ವೆ ನಂಬರನ್ನು, ಎಕರೆ ಗುಂಟೆಯನ್ನು ಧಾರಾಳವಾಗಿ ಬದಲಿಸಿ. ಇಸವಿಗಳನ್ನು ಮಾತ್ರ ಮುಟ್ಟಬೇಡಿ. ಸಹಿ ಕಾನೂನಿಗೆ ಮುಂಚಿನದೋ ನಂತರದ್ದೋ ಅಂತ ಗೊತ್ತಾಗದಿದ್ದರೆ ಆ ದೋಸೆ ಯಾಕೆ ಕೊಡಿಸಿದರು ಅನ್ನುವುದೂ ಓದುಗರಿಗೆ ಗೊತ್ತಾಗುವುದಿಲ್ಲ.